ಹಾಡು ವೇದಿಕೆ ಏರುವ ಮೊದಲು ಹೆಸರು ಏರಲಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಎರಡು ವಾರದಿಂದ ಒಂದೇ ಚರ್ಚೆ. ತಾನೇ ಹಾಡು ಬರೆದು, ಗಿಟಾರು ಹಿಡಿದು ಊರೂರು ಸುತ್ತಿ ಹಾಡುವ ಕಲಾವಿದರೊಬ್ಬರು ಮಂಗಳೂರಿಗೆ ಬರಲಿದ್ದಾರೆ. ಸಂಬಂಧಿಕ ಹುಡುಗರ ದಫ್ ತಂಡ ಅವರ ಜೊತೆ ಒಂದೇ ವೇದಿಕೆಯಲ್ಲಿ ಹಾಡಬೇಕು, ನಮ್ಮ ಎರಡು ಮದುವೆ ಪಾಟ್‌ಗಳನ್ನು ಅವರ ಹಾಡಿನೊಂದಿಗೆ ಸೇರಿಸಬೇಕು ಎಂಬ ಕೋರಿಕೆ ಬಂದಿದೆ. ಹುಡುಗರಿಗೆ ಖುಷಿಯೋ ಖುಷಿ. ಹಿರಿಯರಲ್ಲಿ ಕೆಲವರು "ದಫ್ ಎಲ್ಲಿ, ಗಿಟಾರು ಎಲ್ಲಿ, ಇದೆಲ್ಲ ನಮಗೆ ಯಾಕೆ?" ಎಂದರು. ಇನ್ನು ಕೆಲವರು "ಹೀಗಾದರೂ ಬ್ಯಾರಿ ಪಾಟ್ ನಾಲ್ಕು ಜನರ ಕಿವಿಗೆ ಬೀಳಲಿ" ಎಂದರು. ದೂರದ ತಮಿಳುನಾಡಿನಲ್ಲಿ ಕೂತಿರುವ ನನ್ನನ್ನೂ ಕೇಳಿದರು. ಗುಂಪಿನಲ್ಲಿ ಉದ್ದ ಬರೆದರೆ ಯಾರೂ ಓದುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹುಡುಗರು ಹೋಗಲಿ, ಹಾಡಲಿ. ಬೆರೆಯುವುದರಿಂದ ಹಾಡು ಕೆಡುವುದಿಲ್ಲ. ಆದರೆ ಹಾಡು ಯಾರದು ಎಂಬುದನ್ನು ಬರೆದಿಡದೆ ಯಾವ ವೇದಿಕೆಯನ್ನೂ ಹತ್ತಬಾರದು. ಗಿಟಾರಿನಿಂದ ನಮಗೆ ಭಯವಿಲ್ಲ, "ಮತ್ತು ತಂಡದವರಿಂದ" ಎಂಬ ಎರಡು ಶಬ್ದಗಳಿಂದ ಇದೆ.

ನಾನಿರುವುದು ಪೆರಿಯನಾಯಕನಪಾಳ್ಯದಲ್ಲಿ, ಕೊಯಮತ್ತೂರಿನಿಂದ ಮೇಟ್ಟುಪಾಳ್ಯಂಗೆ ಹೋಗುವ ದಾರಿಯಲ್ಲಿ. ನೂಲಿನ ಗಿರಣಿಗಳಿಗೆ ಬೇಕಾದ ಯಂತ್ರದ ಬಿಡಿಭಾಗಗಳ ವ್ಯಾಪಾರ ನನ್ನದು. ಇಲ್ಲಿಗೆ ಬಂದ ಹೊಸತರಲ್ಲಿ ನನಗೆ ಆಶ್ಚರ್ಯವಾಗಿದ್ದು ಪಕ್ಕದ ಮನೆಯಿಂದ ಕೇಳಿಬಂದ ಕನ್ನಡ. ದೇವಾಂಗರ ಮನೆ. ತಲೆತಲಾಂತರದಿಂದ ಕೊಂಗುನಾಡಿನಲ್ಲೇ ಇದ್ದಾರೆ. ಶಾಲೆಯ ಓದು, ಅಂಗಡಿಯ ಲೆಕ್ಕ, ರೇಷನ್ ಕಾರ್ಡು ಎಲ್ಲ ತಮಿಳು. ಮನೆಯೊಳಗಿನ ಮಾತು ಮಾತ್ರ ಕನ್ನಡ, ಅದೂ ನಮ್ಮ ಕಿವಿಗೆ ಅರ್ಧ ಹೊಸತಾಗಿ ಕೇಳುವ ಕನ್ನಡ. ಆ ಮನೆಯ ಅಜ್ಜಿಗೆ ಕನ್ನಡ ಅಕ್ಷರ ಒಂದೂ ಗೊತ್ತಿಲ್ಲ, ಆದರೆ ಚೌಡೇಶ್ವರಿ ಹಬ್ಬದ ಹಾಡು ಗೊತ್ತು. ಅವರ ಮೊಮ್ಮಗನಿಗೆ ಆ ಮಾತೂ ಸರಿಯಾಗಿ ಬರುವುದಿಲ್ಲ, ಹಾಡಿನ ಕೆಲವು ಸಾಲು ಮಾತ್ರ ಬರುತ್ತದೆ. ಮನೆಯಲ್ಲೇ ಉಳಿದ ಭಾಷೆ ಸೊರಗುವಾಗ ಕೊನೆಯವರೆಗೆ ಉಳಿಯುವುದು ಹಾಡು ಎಂಬುದನ್ನು ನಾನು ಕಂಡದ್ದು ಅಲ್ಲಿ. ಬ್ಯಾರಿ ಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಶತಮಾನಗಳಿಂದ ನಮ್ಮ ಮಾತು ಮನೆಯಲ್ಲಿ, ಓದು ಇನ್ನೊಂದು ಲಿಪಿಯಲ್ಲಿ. ಸರಕಾರದ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದದ್ದೇ 2007ರಲ್ಲಿ. ಅದಕ್ಕೆ ಮೊದಲು ನಮ್ಮ ಅಕಾಡೆಮಿ ಎಂದರೆ ಮೊಯಿಲಾಂಜಿ ಹಾಕುವ ರಾತ್ರಿ ಸುತ್ತ ಕೂತು ಹಾಡುತ್ತಿದ್ದ ಉಮ್ಮಂದಿರು.

ಈಗ ನಮ್ಮ ಊರಿನಿಂದ ಪಶ್ಚಿಮಕ್ಕೆ ಕಾಣುವ ಬೆಟ್ಟಗಳ ಆಚೆ ನಡೆದ ಒಂದು ಕಥೆ ಹೇಳುತ್ತೇನೆ. ಬೆಟ್ಟದ ಆ ಕಡೆ ಅಟ್ಟಪ್ಪಾಡಿ. ಕೇರಳದ ಪಾಲಕ್ಕಾಡ್ ಜಿಲ್ಲೆಗೆ ಸೇರಿದ್ದು. ಅಲ್ಲಿ ಇರುಳ ಸಮುದಾಯದ ನಂಜಿಯಮ್ಮ ಇದ್ದಾರೆ. ಆಡು ದನ ಮೇಯಿಸುತ್ತ, ತಮ್ಮವರ ತಂಡದ ಜೊತೆ ಹಾಡುತ್ತ ಬಂದವರು. 2020ರಲ್ಲಿ ಬಂದ 'ಅಯ್ಯಪ್ಪನುಂ ಕೋಶಿಯುಂ' ಎಂಬ ಮಲಯಾಳಂ ಸಿನಿಮಾಕ್ಕೆ ನಿರ್ದೇಶಕ ಸಚಿ ಅವರಿಂದ ಹಾಡಿಸಿದರು. ಸಂಗೀತ ಜೇಕ್ಸ್ ಬಿಜೋಯ್ ಅವರದು. ಕೊಚ್ಚಿಯ ಸಿನಿಮಾ ಸಂಗೀತ, ಅಟ್ಟಪ್ಪಾಡಿಯ ಹಾಡು, ಎರಡೂ ಒಂದಾದವು. ಹಾಡು ಕೇರಳದ ಮನೆಮನೆಗೆ ಹೋಯಿತು. ನಮ್ಮ ಮಂಗಳೂರಿನ ಮಕ್ಕಳ ಬಾಯಲ್ಲೂ ಇತ್ತು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಆ ಹಾಡನ್ನು ಮಲಯಾಳಂಗೆ ತಿರುಗಿಸಲಿಲ್ಲ. ಇರುಳ ಮಾತಿನಲ್ಲೇ ಇಟ್ಟರು. ಕೇಳಿದವರಲ್ಲಿ ಹೆಚ್ಚಿನವರಿಗೆ ಶಬ್ದಗಳು ಅರ್ಥವಾಗಲಿಲ್ಲ, ಆದರೂ ಹಾಡು ಬೇಕಾಯಿತು. ಎರಡು, ಹಾಡಿದವರು ನಂಜಿಯಮ್ಮ, ಬರೆದವರೂ ನಂಜಿಯಮ್ಮ ಎಂದು ಹೆಸರು ಹಾಕಿದರು. "ಸಾಂಪ್ರದಾಯಿಕ" ಎಂದು ಬರೆದು ಕೈತೊಳೆದುಕೊಳ್ಳಬಹುದಿತ್ತು. ಎಷ್ಟೋ ಸಿನಿಮಾಗಳು ಜನಪದ ಹಾಡಿಗೆ ಮಾಡುವುದು ಅದನ್ನೇ. ಹೆಸರು ಇದ್ದುದರಿಂದಲೇ 68ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಹಿನ್ನೆಲೆ ಗಾಯಕಿ ಎಂಬ ಗೌರವ ಅವರಿಗೆ ಬಂತು. 2022ರ ಸೆಪ್ಟೆಂಬರ್ 30ರಂದು ದೆಹಲಿಯಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರಿಂದ ಪ್ರಶಸ್ತಿ ತೆಗೆದುಕೊಂಡಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಡುವೆ ಅಪಸ್ವರವೂ ಬಂತು. ಜೀವನಪೂರ್ತಿ ಸಂಗೀತ ಕಲಿತವರನ್ನು ಬಿಟ್ಟು, ಶ್ರುತಿಗೆ ಹೊಂದಿಕೊಂಡು ಹಾಡಲು ಬಾರದವರಿಗೆ ಕೊಟ್ಟರಲ್ಲ ಎಂದು ಸಂಗೀತದವರೇ ಒಬ್ಬರು ಆಕ್ಷೇಪಿಸಿದರು. ಹಲವು ಕಲಾವಿದರು ನಂಜಿಯಮ್ಮನ ಪರವಾಗಿ ನಿಂತರು. ಆ ಆಕ್ಷೇಪ ನಮಗೂ ಒಂದು ದಿನ ಬರುತ್ತದೆ ಎಂದು ತಿಳಿದಿರಿ. ನಮ್ಮ ಉಮ್ಮಂದಿರ ಪಾಟ್ ಯಾವ ಹಾರ್ಮೋನಿಯಂ ಮನೆಯನ್ನೂ ಕೇಳಿ ಹುಟ್ಟಿದ್ದಲ್ಲ.

ಇದೇ ಸಿನಿಮಾಕ್ಕೆ ಇನ್ನೊಂದು ಬದಿ ಇದೆ. ತೆಲುಗಿನಲ್ಲಿ ಇದನ್ನೇ 'ಭೀಮ್ಲಾ ನಾಯಕ್' ಎಂದು ಮಾಡಿದರು. ಅದರ ಶೀರ್ಷಿಕೆ ಗೀತೆಗೆ ತೆಲಂಗಾಣದ ಕಿನ್ನೆರ ವಾದಕ ದರ್ಶನಂ ಮೊಗುಲಯ್ಯ ದನಿ ಕೊಟ್ಟರು. ಅಲ್ಲೂ ಹೆಸರು ಹಾಕಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಎರಡು ವರ್ಷ ಕಳೆದು, 2024ರಲ್ಲಿ, ಅದೇ ಮೊಗುಲಯ್ಯ ಹೈದರಾಬಾದ್ ಬಳಿ ಕಟ್ಟಡದ ಕೆಲಸಕ್ಕೆ ಕೂಲಿ ಹೋಗುತ್ತಿರುವ ಸುದ್ದಿ ಪತ್ರಿಕೆಗಳಲ್ಲಿ ಬಂತು. ತಿಂಗಳ ಗೌರವಧನ ನಿಂತುಹೋಗಿದೆ ಎಂದು ಅವರೇ ಹೇಳಿಕೊಂಡಿದ್ದರು. ಹೆಸರು ಬಂದರೆ ಎಲ್ಲ ಬಂದ ಹಾಗೆ ಎಂದು ತಿಳಿಯುವವರಿಗೆ ಇದು ಪಾಠ. ಹೆಸರು ಬೇಕು, ಅದರ ಜೊತೆ ಲೆಕ್ಕವೂ ಬೇಕು.

ಸಿನಿಮಾ ಬಿಟ್ಟು, ನಮ್ಮ ಹುಡುಗರಿಗೆ ಬಂದಂಥ ಕೋರಿಕೆಗೇ ಬರೋಣ. ಸುತ್ತಾಟದ ಹಾಡುಗಾರರು ಸ್ಥಳೀಯ ತಂಡದ ಜೊತೆ ಸೇರಿದ ಎರಡು ಪ್ರಸಿದ್ಧ ಉದಾಹರಣೆ ನೋಡಿ.

2009ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಲಾರಾ ಮಾರ್ಲಿಂಗ್ ಎಂಬ ಹಾಡುಗಾರ್ತಿ ಮತ್ತು ಮಮ್‌ಫರ್ಡ್ ಆಂಡ್ ಸನ್ಸ್ ಎಂಬ ತಂಡ ಭಾರತಕ್ಕೆ ಬಂದಿದ್ದರು. ದೆಹಲಿಯಲ್ಲಿ ರಾಜಸ್ಥಾನದ ಜನಪದ ಕಲಾವಿದರ ಧರೋಹರ್ ಪ್ರಾಜೆಕ್ಟ್ ಜೊತೆ ಕೂತು ನಾಲ್ಕು ಹಾಡು ಧ್ವನಿಮುದ್ರಿಸಿದರು. 2010ರಲ್ಲಿ ಅದು ಹೊರಬಂತು. ನನಗೆ ಹಿಡಿಸಿದ್ದು ಅದರ ಮುಖಪುಟ. ಅಲ್ಲಿ ಮೊದಲ ಹೆಸರು ಧರೋಹರ್ ಪ್ರಾಜೆಕ್ಟ್, ಆಮೇಲೆ ಲಾರಾ ಮಾರ್ಲಿಂಗ್, ಕೊನೆಗೆ ಮಮ್‌ಫರ್ಡ್. ಎರಡು ಹಾಡುಗಳ ಶೀರ್ಷಿಕೆಯಲ್ಲಿ ಇಂಗ್ಲಿಷ್ ಹೆಸರು, ರಾಜಸ್ಥಾನದ ಹೆಸರು ಎರಡನ್ನೂ ಅಕ್ಕಪಕ್ಕ ಇಟ್ಟಿದ್ದಾರೆ. ಅವರದ್ದು ಅವರದ್ದಾಗಿ ಉಳಿಯಿತು, ಇವರದ್ದು ಇವರದ್ದಾಗಿ ಉಳಿಯಿತು, ಹಾಡು ಮಾತ್ರ ಒಂದಾಯಿತು. ಇದಕ್ಕೆ ಖರ್ಚೇನೂ ಬರುವುದಿಲ್ಲ. ಮುದ್ರಿಸುವಾಗ ಒಂದು ಸಾಲು ಸರಿಯಾಗಿ ಬರೆದರೆ ಸಾಕು.

ಎರಡನೆಯದು ಅಮೆರಿಕದ ಪಾಲ್ ಸೈಮನ್ ಅವರ 'ಗ್ರೇಸ್‌ಲ್ಯಾಂಡ್'. 1985ರಲ್ಲಿ ಅವರು ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್‌ಗೆ ಹೋಗಿ ಅಲ್ಲಿಯ ವಾದಕರ ಜೊತೆ ನುಡಿಸಿದರು, 1986ರಲ್ಲಿ ಆಲ್ಬಂ ಬಂತು. ವರ್ಣಭೇದದ ಸರಕಾರವಿದ್ದ ಕಾಲ. ಸಾಂಸ್ಕೃತಿಕ ಬಹಿಷ್ಕಾರ ಮುರಿದರು ಎಂಬ ದೊಡ್ಡ ಜಗಳವೂ ಆಯಿತು. ಅದು ಬೇರೆ ಮಾತು. ಹಣದ ವಿಷಯದಲ್ಲಿ ಸೈಮನ್ ನ್ಯೂಯಾರ್ಕಿನ ಸಂಘದ ದರದ ಮೂರರಷ್ಟು ಸಂಭಾವನೆಯನ್ನು ಅಲ್ಲಿಯ ವಾದಕರಿಗೆ ಕೊಟ್ಟರು. 'ಹೋಮ್‌ಲೆಸ್' ಎಂಬ ಹಾಡಿಗೆ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಝೋ ತಂಡದ ಜೋಸೆಫ್ ಶಬಲಾಲಾ ಅವರನ್ನು ಸಹ ರಚನಕಾರ ಎಂದು ಬರೆದರು. ಆ ತಂಡ ಮುಂದೆ ಜಗತ್ತಿನ ವೇದಿಕೆಗಳನ್ನು ಸುತ್ತಿತು. ಆದರೆ ಅದೇ ಆಲ್ಬಂನ ಕೊನೆಯ ಹಾಡಿನ ಬಗ್ಗೆ ಲಾಸ್ ಏಂಜಲೀಸ್‌ನ ಲಾಸ್ ಲೋಬೋಸ್ ತಂಡದವರ ದೂರು ಇಂದಿಗೂ ಇದೆ. ರಾಗ ನಮ್ಮದು, ರಚನೆಯಲ್ಲಿ ಹೆಸರು ಮಾತ್ರ ಇಲ್ಲ ಎಂದು. ಒಂದೇ ಆಲ್ಬಂ, ಒಬ್ಬನೇ ಹಾಡುಗಾರ. ಹೆಸರು ಬರೆದ ಕಡೆ ದಶಕಗಳ ಸ್ನೇಹ, ಬರೆಯದ ಕಡೆ ದಶಕಗಳ ಮುನಿಸು.

ಇಷ್ಟು ದೊಡ್ಡ ಊರುಗಳ ಮಾತು ಬೇಡ ಎನ್ನುವವರಿಗೆ ಇಲ್ಲಿಯದೇ ಒಂದು ಮಾತು. ಕಳೆದ ವರ್ಷ ನಮ್ಮ ರಸ್ತೆಯ ಒಂದು ಸಣ್ಣ ಸಭಾಂಗಣದಲ್ಲಿ ಹೊರಗಿನಿಂದ ಬಂದ ಹಾಡುಗಾರರೊಬ್ಬರು ಬೆಟ್ಟದ ಬುಡದ ಹಾಡಿಯ ತಂಡವೊಂದರ ಜೊತೆ ಹಾಡಿದರು. ಕಾರ್ಯಕ್ರಮ ತುಂಬ ಚೆನ್ನಾಗಿತ್ತು. ಮೊದಲು ಗಿಟಾರು ಮುಂದೆ ಓಡುತ್ತಿತ್ತು. ಅರ್ಧ ಗಂಟೆ ಕಳೆದ ಮೇಲೆ ಅದು ತಮಟೆಯ ಲಯಕ್ಕೆ ಕಾಲು ಹೊಂದಿಸಿಕೊಂಡಿತು. ಹಾಡಿಯ ಹಿರಿಯರೊಬ್ಬರು ಕೈ ಎತ್ತಿದಾಗ ಎಲ್ಲರೂ ನಿಲ್ಲಿಸುತ್ತಿದ್ದರು, ಅತಿಥಿಯೂ. ವೇದಿಕೆಯ ಮೇಲೆ ಯಜಮಾನ ಯಾರು ಎಂದು ಕೇಳಬೇಕಾಗಿರಲಿಲ್ಲ. ಆದರೆ ಹೊರಗೆ ಕಟ್ಟಿದ ಬ್ಯಾನರಿನಲ್ಲಿ ಅತಿಥಿಯ ಮುಖ ಆಳೆತ್ತರ, ಕೆಳಗೆ ಸಣ್ಣಕ್ಷರದಲ್ಲಿ "ಮತ್ತು ತಂಡದವರು". ಆ ಹಿರಿಯರ ಹೆಸರನ್ನು ನಾನು ಚಹಾ ಕುಡಿಯುವಾಗ ಅವರನ್ನೇ ಕೇಳಿ ತಿಳಿದುಕೊಂಡೆ. ಬಂದ ಇನ್ನೂರು ಜನರಲ್ಲಿ ಹೆಚ್ಚಿನವರು ತಿಳಿಯದೆ ಹೋದರು. ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ. ಕೆಟ್ಟ ಉದ್ದೇಶ ಇಲ್ಲದೆಯೂ ಹೆಸರು ಅಳಿಯುತ್ತದೆ, ಅದೇ ಕಷ್ಟ.

"ಜನಪದ ಹಾಡಿಗೆ ಹೆಸರೇ ಇರುವುದಿಲ್ಲ, ಅದು ಎಲ್ಲರದ್ದು" ಎಂದು ಕೆಲವರು ಹೇಳುತ್ತಾರೆ. ನಮ್ಮ ವಿಷಯದಲ್ಲಿ ಇದು ಸರಿಯಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಓದುತ್ತಿದ್ದ ಮುಹಿಯುದ್ದೀನ್ ಮಾಲೆಯನ್ನು ನೆನಪಿಸಿಕೊಳ್ಳಿ. ಕಲ್ಲಿಕೋಟೆಯ ಖಾಝಿ ಮುಹಮ್ಮದ್ ಅದನ್ನು ರಚಿಸಿದ್ದು 1607ರಲ್ಲಿ. ಅರಬಿ ಮಲಯಾಳದಲ್ಲಿ ಕಾಲ ಗೊತ್ತಿರುವ ಅತ್ಯಂತ ಹಳೆಯ ಕೃತಿ ಅದು. ನಮಗೆ ಇಸವಿ ಹೇಗೆ ಗೊತ್ತು? ಕವಿಯೇ ಹಾಡಿನೊಳಗೆ ತನ್ನ ಹೆಸರು, ಊರು, ಕೊಲ್ಲಂ ವರ್ಷ ಎಲ್ಲವನ್ನೂ ಹೇಳಿಟ್ಟಿದ್ದಾರೆ. ನಾನ್ನೂರು ವರ್ಷದ ಹಿಂದೆ, ಕಾಪಿರೈಟ್ ಎಂಬ ಶಬ್ದ ಹುಟ್ಟುವ ಮೊದಲೇ. ಕನ್ನಡದ ಕಡೆಯಲ್ಲೂ ಹಾಗೆಯೇ. ಶಿಶುನಾಳ ಶರೀಫರ ಪದಗಳ ಕೊನೆಯಲ್ಲಿ ಶಿಶುನಾಳಾಧೀಶನ ಅಂಕಿತ ಇದೆ. ಸಿ. ಅಶ್ವತ್ಥ್ ಹಾಡಿದರೂ, 2008ರ ಆಲ್ಬಂನಲ್ಲಿ ಮೈಸೂರಿನ ರಘು ದೀಕ್ಷಿತ್ ಗಿಟಾರು ಹಿಡಿದು ಹಾಡಿದರೂ, ಆ ಅಂಕಿತ ಬಂದಾಗ ಇದು ಶರೀಫರದು ಎಂದು ಗೊತ್ತಾಗುತ್ತದೆ. ರಘು ದೀಕ್ಷಿತ್ ಅವೇ ಪದಗಳನ್ನು ಇಂಗ್ಲೆಂಡಿನವರೆಗೆ ಕೊಂಡುಹೋದರು. ಹಾಡು ಹೊಸ ಬಟ್ಟೆ ಹಾಕಿಕೊಂಡಿತು, ತಂದೆಯ ಹೆಸರು ಬದಲಾಗಲಿಲ್ಲ. ಹಾಗಾಗಿ ಹೆಸರು ಹಾಕಿ ಎಂದು ಕೇಳುವುದು ಈಗಿನ ಕಾಲದ ದುರಾಸೆಯಲ್ಲ, ನಮ್ಮ ಹಿರಿಯರ ಪದ್ಧತಿ.

ಹೆಸರು ಕಳೆದುಹೋದದ್ದು ಹೆಚ್ಚಾಗಿ ಹೆಂಗಸರ ಹಾಡಿನಲ್ಲಿ. ಮದುವೆ ಮನೆಯಲ್ಲಿ ಕೂತಲ್ಲೇ ಸಾಲು ಕಟ್ಟಿ, ಪುದಿಯಾಪ್ಲೆಯ ಹೆಸರು, ಅವನ ಮನೆತನದ ಹೆಸರು, ಕೊನೆಗೆ ಅಡುಗೆಯ ತುಪ್ಪದನ್ನದ ಹೊಗಳಿಕೆಯನ್ನೂ ಸೇರಿಸಿ ಹಾಡುತ್ತಿದ್ದವರು ನಮ್ಮ ಉಮ್ಮ, ಅವರ ಉಮ್ಮ, ನೆರೆಮನೆಯ ಹಿರಿಯ ಹೆಂಗಸರು. ಈಗ ಹುಡುಗರು ದಫ್ ಬಡಿದು ಹಾಡುವ ಎಷ್ಟೋ ಪಾಟ್ ಅವರ ಬಾಯಿಂದ ಬಂದದ್ದು. ನಮ್ಮ ಹುಡುಗರು ವೇದಿಕೆಗೆ ಒಯ್ಯಬೇಕೆಂದಿರುವ ಎರಡು ಪಾಟ್‌ಗಳಲ್ಲಿ ಒಂದು ನನ್ನ ಉಮ್ಮನ ಹಿರಿಯ ಸಂಬಂಧಿಯೊಬ್ಬರು ಕಟ್ಟಿದ್ದು. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು, ಹೊರಗೆ ಯಾರಿಗೂ ಗೊತ್ತಿಲ್ಲ. ಅವರು ಈಗ ಇಲ್ಲ. ಉಮ್ಮಂದಿರು ವೇದಿಕೆ ಹತ್ತಬೇಕೋ ಬೇಡವೋ ಎಂಬುದನ್ನು ಅವರವರೇ, ಅವರವರ ಮನೆಯೇ ತೀರ್ಮಾನಿಸಲಿ. ಅದಕ್ಕೆ ನಾನು ಬರುವುದಿಲ್ಲ. ಆದರೆ ಅವರ ಹಾಡು ವೇದಿಕೆ ಹತ್ತಿದ ದಿನ ಅವರ ಹೆಸರನ್ನು ಕೆಳಗೆ ಬಿಟ್ಟು ಬರಬಾರದು. ಮೊಮ್ಮಕ್ಕಳು ಚಪ್ಪಾಳೆ ತೆಗೆದುಕೊಂಡು, ಅಜ್ಜಿಯರು "ಸಾಂಪ್ರದಾಯಿಕ" ಎಂಬ ಒಂದು ಶಬ್ದವಾಗಿ ಉಳಿಯುವುದು ಸರಿಯಾ?

ಹಿರಿಯರ ಇನ್ನೊಂದು ಆತಂಕವನ್ನೂ ನಾನು ಹಗುರ ಮಾಡುವುದಿಲ್ಲ. ದಫ್ ನಮಗೆ ಬರೀ ವಾದ್ಯವಲ್ಲ. ರಾತೀಬ್‌ನಲ್ಲಿ, ಮೌಲೂದ್‌ನಲ್ಲಿ ಅದಕ್ಕೆ ಅದರದ್ದೇ ಅದಬ್ ಇದೆ. ಬೇರೆ ವಾದ್ಯಗಳ ಬಗ್ಗೆ ನಮ್ಮ ಉಸ್ತಾದರಲ್ಲಿ ಭಿನ್ನ ಅಭಿಪ್ರಾಯಗಳಿವೆ, ಅದನ್ನು ತೀರ್ಮಾನಿಸುವ ವಿದ್ಯೆ ನನ್ನದಲ್ಲ. ನನ್ನದು ಇಷ್ಟೇ. ರಾತೀಬ್ ಮನೆಯಲ್ಲಿ, ಮಸೀದಿಯಲ್ಲಿ ಇರಲಿ, ಅದನ್ನು ಟಿಕೆಟ್ ಇಟ್ಟ ವೇದಿಕೆಗೆ ಒಯ್ಯುವುದು ಬೇಡ. ಮದುವೆ ಪಾಟ್, ಕೋಲ್ಕಲಿಯ ಪಾಟ್, ಸಮುದ್ರದ ಪಾಟ್ ಒಯ್ಯಬಹುದು. ಯಾವುದು ಹೋಗಬೇಕು, ಯಾವುದು ಹೋಗಬಾರದು ಎಂದು ಹೇಳುವ ಹಕ್ಕು ಅತಿಥಿಯದ್ದಲ್ಲ, ಸಂಘಟಕರದ್ದೂ ಅಲ್ಲ, ನಮ್ಮದು. "ಇದು ಬೇಡ" ಎಂದು ಮರ್ಯಾದೆಯಿಂದ ಹೇಳಬಲ್ಲ ತಂಡ ಮಾತ್ರ ಅತಿಥಿಯ ಜೊತೆ ಸರಿಸಮ ಕೂರಬಲ್ಲದು. ಕೇಳಿದ್ದಕ್ಕೆಲ್ಲ ತಲೆಯಾಡಿಸಿದರೆ ನಾವು ಬಣ್ಣದ ಬಟ್ಟೆ ತೊಟ್ಟ ಹಿಮ್ಮೇಳ ಆಗುತ್ತೇವೆ, ಅಷ್ಟೇ.

ಹಾಗಾದರೆ ಹುಡುಗರು ಏನು ಮಾಡಬೇಕು? ವ್ಯಾಪಾರಿಯಾಗಿ ನಾನು ಹೇಳುವುದು: ಮಾತು ಬಾಯಲ್ಲಿ ಇರಬಾರದು, ಕಾಗದದಲ್ಲಿ ಇರಬೇಕು. ಒಂದು ಪುಟ ಸಾಕು. ಪೋಸ್ಟರಿನಲ್ಲಿ, ಯೂಟ್ಯೂಬಿನಲ್ಲಿ ತಂಡದ ಹೆಸರು ಅತಿಥಿಯ ಹೆಸರಿನಷ್ಟೇ ದೊಡ್ಡದಾಗಿ ಇರಬೇಕು. ಪಾಟ್ ಕಟ್ಟಿದವರು ಗೊತ್ತಿದ್ದರೆ ಅವರ ಹೆಸರು, ಗೊತ್ತಿಲ್ಲದಿದ್ದರೆ ಕಲಿಸಿದವರ ಹೆಸರು ಮತ್ತು ಊರು. ಪಾಟ್‌ನ ಸಾಲು ಬ್ಯಾರಿಯಲ್ಲೇ ಇರಬೇಕು, ಅರ್ಥ ಬೇಕಾದರೆ ಕೆಳಗೆ ಕನ್ನಡದಲ್ಲಿ ಬರೆಯಲಿ. ಸಂಭಾವನೆ ಎಷ್ಟು, ಯಾವಾಗ, ಎಷ್ಟು ಜನರಿಗೆ ಎಂದು ಅಂಕಿಯಲ್ಲಿ ಇರಬೇಕು. "ನಿಮಗೂ ಒಳ್ಳೆಯ ಪ್ರಚಾರ ಸಿಗುತ್ತದೆ" ಎಂಬುದು ಸಂಭಾವನೆಯಲ್ಲ. ಪ್ರಚಾರದಿಂದ ಬಸ್ಸಿನ ಟಿಕೆಟ್ ಬರುವುದಿಲ್ಲ. ಧ್ವನಿಮುದ್ರಣ ಮಾಡುವುದಾದರೆ ಅದು ಎಲ್ಲಿ ಹೋಗುತ್ತದೆ, ಹಣ ಬಂದರೆ ಪಾಲು ಹೇಗೆ ಎಂಬುದೂ ಅದೇ ಪುಟದಲ್ಲಿರಲಿ.

ಇದನ್ನು ಕೇಳಲು ಮುಜುಗರ ಬೇಡ. ಕಾನೂನು ನಮ್ಮ ಕಡೆ ಇದೆ. ಹಳೆಯ ಜನಪದ ಹಾಡಿಗೆ ಕಾಪಿರೈಟ್ ಸಿಗದಿರಬಹುದು, ಆದರೆ ಹಾಡುವವನಿಗೆ, ಬಾರಿಸುವವನಿಗೆ ತನ್ನ ಪ್ರದರ್ಶನದ ಮೇಲೆ ಹಕ್ಕಿದೆ. 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರದರ್ಶನ ನೀಡುವ ಕಲಾವಿದರಿಗೆ ವಾಣಿಜ್ಯ ಬಳಕೆಯಲ್ಲಿ ರಾಯಧನದ ಹಕ್ಕನ್ನು, ಪ್ರದರ್ಶನ ತನ್ನದು ಎಂದು ಗುರುತಿಸಿಕೊಳ್ಳುವ ಹಕ್ಕನ್ನು ಕೊಟ್ಟಿದೆ. ನಮ್ಮ ದಫ್ ತಂಡಗಳಲ್ಲಿ ಇದು ಎಷ್ಟು ಜನರಿಗೆ ಗೊತ್ತು? ನಮ್ಮ ಸಮುದಾಯದಲ್ಲಿ ವಕೀಲರಿಗೆ ಕೊರತೆ ಇಲ್ಲ. ಒಂದು ಮಾದರಿ ಒಪ್ಪಂದವನ್ನು ಕನ್ನಡದಲ್ಲಿ ಬರೆದುಕೊಡಿ, ಇಲ್ಲಿಯೇ ಹಾಕೋಣ.

ಒಳ್ಳೆಯ ಅತಿಥಿ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ತಾನೇ ಹಾಡು ಬರೆಯುವವನಿಗೆ ಹೆಸರಿನ ಬೆಲೆ ಬೇರೆಯವರಿಗಿಂತ ಹೆಚ್ಚು ಗೊತ್ತಿರುತ್ತದೆ. ಬೇಸರ ಮಾಡಿಕೊಂಡು ಹೊರಟುಹೋದರೆ, ಹೋಗಲಿ. ನಮ್ಮ ಪಾಟ್ ಅವರಿಗಾಗಿ ಕಾದು ಕೂತದ್ದಲ್ಲ.

ಕೊನೆಗೆ ಇದನ್ನು ಓದುತ್ತಿರುವ ಮನೆಯವರಿಗೆ ಒಂದು ಕೆಲಸ. ಈ ಶುಕ್ರವಾರ ಊಟ ಆದ ಮೇಲೆ ಉಮ್ಮನ ಹತ್ತಿರ, ಉಮ್ಮನ ಉಮ್ಮ ಇದ್ದರೆ ಅವರ ಹತ್ತಿರ ಕೂತುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಒತ್ತಿ. ಒಂದೇ ಒಂದು ಪಾಟ್ ಕೇಳಿ. ಮುಗಿದ ಮೇಲೆ "ಇದು ಯಾರು ಕಲಿಸಿದ್ದು ಉಮ್ಮ, ಯಾರ ಮದುವೆಯಲ್ಲಿ ಮೊದಲು ಹಾಡಿದ್ದು?" ಎಂದು ಕೇಳಿ. ಬಂದ ಉತ್ತರವನ್ನು ಕನ್ನಡ ಅಕ್ಷರದಲ್ಲಿ ಬರೆದು, ತಾರೀಕು ಹಾಕಿ ಇಡಿ. ಆ ಒಂದು ಚೀಟಿ ನಮ್ಮ ಕೈಯಲ್ಲಿದ್ದರೆ ಯಾವ ಊರಿನ ಯಾವ ಗಿಟಾರಿನ ಜೊತೆಗೂ ಧೈರ್ಯವಾಗಿ ಕೂತು ಹಾಡಬಹುದು.